ನಿಮಗಿದು ಗೊತ್ತೇ? ಮೂರು ವರ್ಷ ಬೆವರಿಳಿಸಿದ ‘ಹಿಸ್ಟೀರಿಯಾ’

ಗ್ಲ್ಯಾಮ್ ರಾಕ್‌ನ ಥಳುಕು, ಪಾಪ್‌ನ ಸಿಹಿ, ಮೆಟಲ್‌ನ ಅಬ್ಬರ. ಮೂರನ್ನೂ ಹದವಾಗಿ ಬೆರೆಸಿದ ಆಲ್ಬಮ್ ಬ್ರಿಟನ್ನಿನ ಡೆಫ್ ಲೆಪರ್ಡ್ ತಂಡದ ‘ಹಿಸ್ಟೀರಿಯಾ’. ಕೇಳಿದರೆ ಕಾಲು ತಾನಾಗಿಯೇ ತಾಳ ಹಾಕುತ್ತದೆ. ಅದನ್ನು ಮಾಡಿ ಮುಗಿಸಲು ತಂಡ ಪಟ್ಟ ಪಾಡು ಮಾತ್ರ ಅಷ್ಟಿಷ್ಟಲ್ಲ!

● ಈ ತಂಡದ ಊರು ಉಕ್ಕಿಗೆ ಹೆಸರಾದ ಶೆಫೀಲ್ಡ್. ಹೆಸರಿನ ಅರ್ಥ ‘ಕಿವುಡು ಚಿರತೆ’. ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಬೇಕೆಂದೇ ತಪ್ಪಾಗಿದೆ.

● ಕೆಲಸ ಶುರುವಾದದ್ದು 1984ರಲ್ಲಿ, ಆಲ್ಬಮ್ ಹೊರಬಂದದ್ದು 1987ರ ಆಗಸ್ಟ್ 3ರಂದು. ಮೊದಲು ಬಂದ ನಿರ್ಮಾಪಕ ಜಿಮ್ ಸ್ಟೈನ್‌ಮನ್ ಜೊತೆ ತಂಡಕ್ಕೆ ಹೊಂದಲಿಲ್ಲ. ಕೊನೆಗೆ ಕೈಹಿಡಿದವರು ಹಳೆಯ ಜೊತೆಗಾರ ‘ಮಟ್’ ಲ್ಯಾಂಗ್.

● ಮೈಕಲ್ ಜಾಕ್ಸನ್‌ರ ‘ಥ್ರಿಲ್ಲರ್’ನಂತೆ ಪ್ರತಿ ಹಾಡೂ ಹಿಟ್ ಆಗಬಲ್ಲ ರಾಕ್ ಆಲ್ಬಮ್ ಬೇಕೆಂಬುದು ಲ್ಯಾಂಗ್ ಹಟ. ಹಟ ಬಹುಪಾಲು ಗೆದ್ದಿತು. 12 ಹಾಡುಗಳಲ್ಲಿ 7 ಸಿಂಗಲ್‌ಗಳಾಗಿ ಬಿಡುಗಡೆಯಾದವು.

● ಇದರ ಗಿಟಾರ್ ದನಿ ಆಳೆತ್ತರದ ಆಂಪ್ಲಿಫೈಯರ್‌ಗಳಿಂದ ಬಂದದ್ದಲ್ಲ. ‘ರಾಕ್‌ಮನ್’ ಎಂಬ ಪುಟ್ಟ ಪೆಟ್ಟಿಗೆಯ ಕರಾಮತ್ತು ಅದು. ಅದನ್ನು ರೂಪಿಸಿದವರು ಬಾಸ್ಟನ್ ತಂಡದ ಗಿಟಾರ್ ವಾದಕ, ಎಂಜಿನಿಯರ್ ಟಾಮ್ ಶೋಲ್ಝ್.

● ಆಲ್ಬಮ್‌ನ ಮನೆಮಾತಾದ ಹಾಡು ‘ಪೋರ್ ಸಮ್ ಶುಗರ್ ಆನ್ ಮಿ’ ಹುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ. ಬಿಡುವಿನಲ್ಲಿ ಗಾಯಕ ಜೋ ಎಲಿಯಟ್ ಗಿಟಾರ್ ಮೀಟುತ್ತಾ ಗುನುಗುತ್ತಿದ್ದುದು ಲ್ಯಾಂಗ್ ಕಿವಿಗೆ ಬಿತ್ತು. ಅಷ್ಟೇ, ಮುಗಿಯಿತೆಂದುಕೊಂಡಿದ್ದ ಕೆಲಸ ಮತ್ತೆ ಶುರು!

● ‘ರಾಕೆಟ್’ ಹಾಡು ಎಪ್ಪತ್ತರ ದಶಕದ ಗ್ಲ್ಯಾಮ್ ರಾಕ್‌ಗೆ ಸಲ್ಲಿಸಿದ ಗುರುವಂದನೆ. ತಾವು ಕೇಳಿ ಬೆಳೆದ ಹಾಡುಗಳ ಹೆಸರುಗಳನ್ನೇ ಪೋಣಿಸಿ ಅದರ ಸಾಹಿತ್ಯ ಕಟ್ಟಿದರು.

● ‘ಗಾಡ್ಸ್ ಆಫ್ ವಾರ್’ ಹಾಡಿನಲ್ಲಿ ರೊನಾಲ್ಡ್ ರೇಗನ್ ಮತ್ತು ಮಾರ್ಗರೆಟ್ ಥ್ಯಾಚರ್ ಅವರ ದನಿಗಳೂ ಕೇಳಿಸುತ್ತವೆ.

● ಆಲ್ಬಮ್‌ನ ಉದ್ದ 62 ನಿಮಿಷಕ್ಕೂ ಹೆಚ್ಚು. ಎಲ್‌ಪಿ ತಟ್ಟೆಯ ಒಂದು ಬದಿಗೆ ಸಾಮಾನ್ಯವಾಗಿ 20 ನಿಮಿಷದ ಆಸುಪಾಸು ಹಾಡು ಹಿಡಿಸುತ್ತಾರೆ. ಹೆಚ್ಚು ತುರುಕಿದಷ್ಟೂ ಗೀರುಗಳು ಒತ್ತೊತ್ತಾಗಿ ಸದ್ದು ಸಣ್ಣಗಾಗುತ್ತದೆ. ಇಲ್ಲಿ ಬದಿಯೊಂದಕ್ಕೆ ಅರ್ಧ ಗಂಟೆ ದಾಟಿತ್ತು!

● ಬ್ರಿಟನ್ನಿನಲ್ಲಿ ಬಂದ ಕೂಡಲೇ ಮೊದಲ ಸ್ಥಾನ. ಅಮೆರಿಕದಲ್ಲಿ ಅದೇ ಪಟ್ಟಕ್ಕೆ 1988ರ ಜುಲೈವರೆಗೆ ಕಾಯಬೇಕಾಯಿತು. ಜಗತ್ತಿನಾದ್ಯಂತ ಈವರೆಗೆ 2 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

● ತಮಾಷೆ ನೋಡಿ: ಕುಣಿಸುವ ಈ ಆಲ್ಬಮ್‌ನಿಂದ ಅಮೆರಿಕದ ಸಿಂಗಲ್ಸ್ ಪಟ್ಟಿಯ ತುದಿಗೇರಿದ್ದು ಒಂದೇ ಹಾಡು. ಅದೂ ನಿಧಾನಗತಿಯ ‘ಲವ್ ಬೈಟ್ಸ್’.

● 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಡ್ರಮ್ಮರ್ ರಿಕ್ ಅಲೆನ್ ಎಡಗೈ ಕಳೆದುಕೊಂಡರು. ಆಗ ಅವರಿಗೆ 21 ವರ್ಷ. ತಂಡ ಬದಲಿ ಡ್ರಮ್ಮರ್‌ನನ್ನು ಹುಡುಕದೆ ಅವರಿಗಾಗಿ ಕಾಯಿತು. ಪೆಡಲ್‌ಗಳಿರುವ ಎಲೆಕ್ಟ್ರಾನಿಕ್ ಡ್ರಮ್ ಮಾಡಿಸಿಕೊಂಡ ರಿಕ್, ಎಡಗೈಯ ಕೆಲಸವನ್ನು ಎಡಗಾಲಿಗೆ ಕಲಿಸಿದರು. 1986ರ ಆಗಸ್ಟ್‌ನಲ್ಲಿ ಡಾನಿಂಗ್ಟನ್ ಉತ್ಸವದಲ್ಲಿ ಅವರು ಮತ್ತೆ ಡ್ರಮ್ ಮುಂದೆ ಕೂತಾಗ ಜನಸಾಗರ ಹುಚ್ಚೆದ್ದು ಕೂಗಿತು.

● ಅಪಘಾತದ ಸುತ್ತ ಎದ್ದ ಗದ್ದಲವನ್ನು ಕಂಡು ಆಲ್ಬಮ್‌ಗೆ ‘ಹಿಸ್ಟೀರಿಯಾ’ ಎಂಬ ಹೆಸರು ಸೂಚಿಸಿದವರು ಯಾರು ಗೊತ್ತೇ? ಅದೇ ರಿಕ್ ಅಲೆನ್!