ಕರೆಂಟು ನಮಗೆ, ಧೂಳು ಅವರಿಗೆ

ಮೈಸೂರಲ್ಲಿ ಕಲ್ಲಿದ್ದಲು ಗಣಿ ಇಲ್ಲ, ನಮಗ್ಯಾಕೆ ಆ ಉಸಾಬರಿ ಅಂದುಕೊಂಡಿದ್ದೆ. ಆದರೆ ನಮ್ಮ ಕರ್ನಾಟಕ ವಿದ್ಯುತ್ ನಿಗಮದ ಬರಾಂಜ್ ಗಣಿ ಇರೋದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ. ಕರೆಂಟು ನಮಗೆ, ಧೂಳು ಅಲ್ಲಿನವರಿಗೆ.

2006ರ ಪರಿಸರ ಅಧಿಸೂಚನೆ ಪ್ರಕಾರ, ದೊಡ್ಡ ಗಣಿಗೆ ಅನುಮತಿ ಕೊಡೋ ಮುಂಚೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಕನಿಷ್ಠ 30 ದಿನ ಮೊದಲೇ ನೋಟಿಸ್, ಸ್ಥಳೀಯ ಭಾಷೆಯಲ್ಲಿ ಸಾರಾಂಶ, ಪೂರ್ತಿ ವಿಡಿಯೊ ಚಿತ್ರೀಕರಣ. ಇಂತಿಷ್ಟೇ ಜನ ಸೇರಬೇಕೆಂಬ ನಿಯಮವಿಲ್ಲ. ನಾಲ್ಕೇ ಜನ ಬಂದರೂ ಸಭೆ ನಡೆದ ಲೆಕ್ಕ!

ಸಾಫ್ಟ್‌ವೇರ್ ರಿಲೀಸ್ ಆದಮೇಲೂ ನಾವು ಲಾಗ್ ನೋಡ್ತಾನೇ ಇರ್ತೀವಿ. ಗಣಿಗೂ ಹಾಗೇ. ಷರತ್ತು ಪಾಲನೆಯ ವರದಿಯನ್ನು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದು ಸಾರ್ವಜನಿಕ ದಾಖಲೆ.

ನಿಮ್ಮೂರ ಹತ್ತಿರ ಗಣಿ ಇದ್ದರೆ ಅದನ್ನು ಕೇಳಿ ಓದಿ. ಗಾಳಿ, ನೀರನ್ನು ಎಲ್ಲಿ, ಯಾವಾಗ ಅಳೆದರು ನೋಡಿ. ಸಭೆ ಒಂದು ದಿನದ್ದು, ಧೂಳು ದಿನಾ ಇರುತ್ತೆ.