ಹಿಂದಿನ ಸಾಲಿಗೆ ಒತ್ತಕ್ಷರ ಕಾಣುತ್ತದೆಯೇ? ಸಂಘದ ಕಂಪ್ಯೂಟರ್ ತರಗತಿಗೆ ಪ್ರೊಜೆಕ್ಟರ್ ಕೊಳ್ಳುವ ಮುನ್ನ

ನಾಗಪುರ: ಹೊರನಾಡಿನ ಕನ್ನಡ ಸಂಘವೆಂದರೆ ರಾಜ್ಯೋತ್ಸವ, ದಸರಾ, ವಾರ್ಷಿಕ ಸ್ನೇಹಕೂಟ, ಮಕ್ಕಳ ಕನ್ನಡ ವರ್ಗ ಎಂಬುದು ರೂಢಿ. ಇದರ ಜತೆಗೆ ಭಾನುವಾರದ ಕಂಪ್ಯೂಟರ್ ತರಗತಿಯೂ ಈಗ ಅಗತ್ಯವಾಗಿದೆ. ರೈಲ್ವೆ, ಬ್ಯಾಂಕು, ಕೇಂದ್ರ ಸರಕಾರದ ಕಚೇರಿಗಳ ನೌಕರಿ ನಿಮಿತ್ತ ಈ ಊರಿಗೆ ಬಂದು ಇಲ್ಲಿಯೇ ನೆಲೆ ನಿಂತ ಅನೇಕ ಹಿರಿಯರು ಇಂದು ನಿವೃತ್ತರು. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ 2014ರ ನವೆಂಬರ್‌ನಲ್ಲಿ ‘ಜೀವನ್ ಪ್ರಮಾಣ್’ ಬಂದಿತು. ರೈಲು ಟಿಕೆಟ್, ವಿದ್ಯುತ್ ಬಿಲ್ಲು, ಬ್ಯಾಂಕ್ ವ್ಯವಹಾರ ಎಲ್ಲವೂ ಪರದೆಯ ಮೇಲೆಯೇ. ಒಟಿಪಿ ಕೇಳಿ ಹಣ ಲಪಟಾಯಿಸುವವರ ಕಾಟ ಬೇರೆ. ಕಲಿಸಬೇಕಾದ ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವಾಗ ಹಿರಿಯರಿಗೆ ಆಸರೆ ಸಂಘವೇ.

ತರಗತಿ ಎಂದೊಡನೆ ಮೊದಲು ಕೇಳಿಬರುವ ಮಾತು ‘ಒಂದು ಪ್ರೊಜೆಕ್ಟರ್ ಕೊಳ್ಳೋಣ’ ಎಂಬುದು. ಸದಸ್ಯರ ವಂತಿಗೆಯ ಹಣ ಅದಕ್ಕೆ ಹೋಗುತ್ತದೆ. ತಪ್ಪು ಆಯ್ಕೆಯಾದರೆ ಹಣದ ಜತೆ ವಿದ್ಯಾರ್ಥಿಗಳೂ ಕೈತಪ್ಪುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೆ ಅಕ್ಷರ ಕಾಣದಿದ್ದರೆ ಅವರು ದೂರುವುದಿಲ್ಲ; ಮುಂದಿನ ಭಾನುವಾರ ಬರುವುದಿಲ್ಲ, ಅಷ್ಟೇ.

ಪೆಟ್ಟಿಗೆಯ ಮೇಲಿನ ಅಂಕಿ

2024ರ ಮೇ ಕೊನೆಯಲ್ಲಿ ನಾಗಪುರದ ಸ್ವಯಂಚಾಲಿತ ಹವಾಮಾನ ಕೇಂದ್ರವೊಂದು 56 ಡಿಗ್ರಿ ಸೆಲ್ಸಿಯಸ್ ತೋರಿಸಿ ದೇಶವೆಲ್ಲ ಸುದ್ದಿಯಾಗಿದ್ದು ಓದುಗರಿಗೆ ನೆನಪಿರಬಹುದು. ಸೆನ್ಸರ್ ಕೆಟ್ಟಿತ್ತೆಂದು ಹವಾಮಾನ ಇಲಾಖೆ ಬಳಿಕ ತಿಳಿಸಿತು. ಯಂತ್ರ ತೋರಿಸಿದ ಅಂಕಿಯನ್ನೆಲ್ಲ ನಂಬಬಾರದೆಂಬ ಪಾಠ ನಮ್ಮೂರಿಗೆ ಹೊಸದಲ್ಲ. ಪ್ರೊಜೆಕ್ಟರ್ ಅಂಗಡಿಯಲ್ಲಿಯೂ ಅದೇ ಪಾಠ.

ಬೆಳಕಿನ ಅಳತೆ ಲ್ಯೂಮೆನ್. ಅಂಗೈಯಗಲದ ಅಗ್ಗದ ಯಂತ್ರದ ಪೆಟ್ಟಿಗೆಯ ಮೇಲೂ ‘9,000 ಲ್ಯೂಮೆನ್’ ಎಂದು ಮುದ್ರಿಸಿರುವುದುಂಟು. ನೋಡಬೇಕಾದದ್ದು ‘ಆನ್ಸಿ’ ಅಥವಾ ‘ಐಎಸ್‌ಒ’ ಲ್ಯೂಮೆನ್ ಎಂಬ ಪ್ರಮಾಣಿತ ಅಂಕಿಯನ್ನು. ಆ ಲೆಕ್ಕದಲ್ಲಿ ಇಂಥ ಪುಟ್ಟ ಯಂತ್ರಗಳಲ್ಲಿ ಹೆಚ್ಚಿನವು 200ರಿಂದ 500ರ ಒಳಗೇ ನಿಲ್ಲುತ್ತವೆ. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡಲು ಅಷ್ಟು ಸಾಕು. ತರಗತಿಯಲ್ಲಿ ಹಾಗಲ್ಲ, ಕಲಿಯುವವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಟ್ಯೂಬ್‌ಲೈಟ್ ಉರಿಯುತ್ತಿರಬೇಕು. ಅಂಥ ಸಭಾಗೃಹಕ್ಕೆ 3,000 ಆನ್ಸಿ ಲ್ಯೂಮೆನ್‌ಗಿಂತ ಕಡಿಮೆಯದು ಬೇಡ. ಎರಡೂವರೆ-ಮೂರು ಕಿಲೋ ತೂಗುವ, ಹೆಗಲ ಚೀಲದಲ್ಲಿ ಒಯ್ಯಬಹುದಾದ ಯಂತ್ರಗಳಲ್ಲೇ ಇದು ಸಿಗುತ್ತದೆ.

ಎರಡನೆಯದು ಚಿತ್ರದ ಸ್ಪಷ್ಟತೆ. ‘ಫುಲ್ ಎಚ್‌ಡಿ ಸಪೋರ್ಟ್’ ಎಂದರೆ ಆ ಚಿತ್ರವನ್ನು ಯಂತ್ರ ಸ್ವೀಕರಿಸುತ್ತದೆ ಎಂದಷ್ಟೇ. ಗೋಡೆಯ ಮೇಲೆ ಮೂಡುವುದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ‘ನೇಟಿವ್ ರೆಸಲ್ಯೂಶನ್’ ಎಷ್ಟೆಂದು ಕೇಳಿ, 1920×1080 ಇರುವುದನ್ನೇ ಆರಿಸಬೇಕು.

ಇದು ಕನ್ನಡಿಗರಿಗೆ ಹೆಚ್ಚು ಮುಖ್ಯ. ‘ಥ’ ಮತ್ತು ‘ಧ’ ನಡುವೆ ಇರುವುದು ಒಂದೇ ಚುಕ್ಕೆ. ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮೀ’ ಎಂದು ಬರೆದರೆ ಅಕ್ಷರದ ಕೆಳಗೆ ಅದಕ್ಕಿಂತ ಚಿಕ್ಕದಾದ ಒತ್ತುಗಳು ಬರುತ್ತವೆ. ಇಂಗ್ಲಿಷ್ ಅಕ್ಷರ ಚೆನ್ನಾಗಿ ಕಂಡ ಪರದೆಯಲ್ಲಿಯೂ ಒತ್ತಕ್ಷರ ಕಲೆಸಿಹೋಗಬಹುದು.

ಕೊನೆಯ ಕುರ್ಚಿಯಿಂದ ಲೆಕ್ಕ

ಪರದೆಯ ಎತ್ತರದ ಆರು ಪಟ್ಟಿನೊಳಗೆ ಕೊನೆಯ ಕುರ್ಚಿ ಇರಬೇಕೆಂಬುದು ಹಳೆಯ ಸೂತ್ರ. ಮೆನು, ಫಾರ್ಮ್ ಮುಂತಾದ ಸಣ್ಣ ಅಕ್ಷರ ಓದಬೇಕಾದರೆ ನಾಲ್ಕು ಪಟ್ಟು. 80 ಇಂಚಿನ ಅಗಲ ಪರದೆಯ ಎತ್ತರ ಸುಮಾರು ಒಂದು ಮೀಟರ್. ಅಂದರೆ ದಪ್ಪಕ್ಷರದ ಪಾಠಕ್ಕೆ 20 ಅಡಿ, ಕಂಪ್ಯೂಟರ್ ಮೆನುಗಳಿಗೆ 13 ಅಡಿಯೇ ಮಿತಿ. ‘ಹಾಗಾದರೆ ಚಿತ್ರವನ್ನೇ 120 ಇಂಚಿಗೆ ಹಿಗ್ಗಿಸೋಣ’ ಎಂದರೆ ಅದೇ ಬೆಳಕು ಎರಡು ಪಟ್ಟಿಗೂ ಮಿಕ್ಕ ಜಾಗಕ್ಕೆ ಹಂಚಿಹೋಗಿ ಚಿತ್ರ ಮಂಕಾಗುತ್ತದೆ. ಅದರ ಬದಲು ಖರ್ಚಿಲ್ಲದ ಉಪಾಯವಿದೆ: ವಿಂಡೋಸ್‌ನಲ್ಲಿ ಅಕ್ಷರದ ಗಾತ್ರವನ್ನು ಶೇ. 150ಕ್ಕೆ ಏರಿಸುವುದು, ಬೇಕಾದಾಗ ವಿಂಡೋಸ್ ಕೀಲಿಯ ಜತೆ ಕೂಡಿಸುವ ಚಿಹ್ನೆ ಒತ್ತಿ ಹಿಗ್ಗಿಸಿ ತೋರಿಸುವುದು.

ಸಾಮಾನ್ಯ ಪ್ರೊಜೆಕ್ಟರ್ 80 ಇಂಚಿನ ಚಿತ್ರಕ್ಕೆ ಗೋಡೆಯಿಂದ ಒಂಬತ್ತು ಅಡಿಯಷ್ಟು ದೂರ ಬೇಡುತ್ತದೆ. ಹಾಗಾಗಿ ಅದು ಸಾಲುಗಳ ನಡುವೆ ಬರುತ್ತದೆ, ವೈರು ನೆಲದ ಮೇಲೆ ಹರಿದಾಡುತ್ತದೆ. ಹಿರಿಯರು ಎಡವದಂತೆ ವೈರಿಗೆ ಟೇಪು ಅಂಟಿಸಲೇಬೇಕು. ಮೂರು ಅಡಿಯಿಂದಲೇ ಚಿತ್ರ ಬೀಳಿಸುವ ‘ಶಾರ್ಟ್ ಥ್ರೋ’ ಯಂತ್ರಗಳಿವೆ, ಬೆಲೆ ಹೆಚ್ಚು. ಚಿತ್ರ ಸೊಟ್ಟ ಬಿದ್ದಾಗ ‘ಕೀಸ್ಟೋನ್’ ಗುಂಡಿಯಿಂದ ಸರಿಪಡಿಸಿದರೆ ಅಕ್ಷರದ ಅಂಚು ಮಸುಕಾಗುತ್ತದೆ. ಮೇಜಿನ ಎತ್ತರವನ್ನೇ ಸರಿಹೊಂದಿಸುವುದು ಮೇಲು.

ಟಿವಿ ಸಾಲದೆ?

ಎಂಟು-ಹತ್ತು ಮಂದಿಯ ವರ್ಗ, ಅದೂ ಸಂಘದ ಸ್ವಂತ ಕೋಣೆಯಲ್ಲಿ ನಡೆಯುವುದಾದರೆ ಖಂಡಿತ ಸಾಕು. 43 ಇಂಚಿನ ಟಿವಿಯಲ್ಲಿ ಏಳು ಅಡಿಯವರೆಗೆ ಸಣ್ಣ ಅಕ್ಷರ, ಹತ್ತು ಅಡಿಯವರೆಗೆ ದೊಡ್ಡ ಅಕ್ಷರ ಕಾಣುತ್ತದೆ. ಹಗಲು ಬೆಳಕಿನ ಚಿಂತೆಯಿಲ್ಲ. ಆದರೆ ಒಂದು ವಾರ ಬಾಡಿಗೆ ಸಭಾಗೃಹ, ಇನ್ನೊಂದು ವಾರ ಸದಸ್ಯರ ಮನೆ ಎಂದು ತಿರುಗುವ ತರಗತಿಗೆ ಟಿವಿಯನ್ನು ಆಟೋದಲ್ಲಿ ಹೊತ್ತೊಯ್ಯುವುದು ಅಪಾಯ. ಒಂದೆಡೆ ನಿಲ್ಲುವ ವರ್ಗಕ್ಕೆ ಟಿವಿ, ಊರು ಸುತ್ತುವ ವರ್ಗಕ್ಕೆ ಪ್ರೊಜೆಕ್ಟರ್ ಎಂದು ತೀರ್ಮಾನಿಸಬಹುದು.

ನಾಗಪುರದ ಬಿಸಿಲು

ಹೆಚ್ಚಿನ ಪ್ರೊಜೆಕ್ಟರ್‌ಗಳು 35 ಅಥವಾ 40 ಡಿಗ್ರಿವರೆಗಿನ ಕೋಣೆಗೆಂದೇ ತಯಾರಾದವು. ನಮ್ಮ ಮೇ ತಿಂಗಳ ಮಧ್ಯಾಹ್ನ ಅವು ತಾವಾಗಿಯೇ ಬಂದ್ ಆದರೆ ಯಂತ್ರವನ್ನು ದೂರುವಂತಿಲ್ಲ. ಬೇಸಿಗೆಯಲ್ಲಿ ತರಗತಿಯನ್ನು ಬೆಳಿಗ್ಗೆ ಇಟ್ಟುಕೊಳ್ಳುವುದೇ ಜಾಣತನ. ಕೂಲರ್‌ನ ನೇರ ಗಾಳಿಗೆ ಯಂತ್ರ ಇಡಬಾರದು. ನೀರಿನ ಹನಿ, ತೇವದ ಗಾಳಿ ಒಳಗೆ ಸೇರುತ್ತದೆ. ಗಾಳಿ ಎಳೆಯುವ ಕಡೆಯ ಜಾಲರಿಯ ಧೂಳನ್ನು ತಿಂಗಳಿಗೊಮ್ಮೆ ತೆಗೆಯಬೇಕು.

ದೀಪದ ಆಯಸ್ಸಿನ ಬಗೆಗೂ ಒಂದು ಮಾತು. ಎಲ್‌ಇಡಿ, ಲೇಸರ್ ಯಂತ್ರಗಳಿಗೆ 20,000 ಗಂಟೆ, ಬಲ್ಬಿನದಕ್ಕೆ ನಾಲ್ಕೈದು ಸಾವಿರ ಗಂಟೆ ಎಂದು ಮಾರಾಟಗಾರರು ಹೇಳುತ್ತಾರೆ. ವಾರಕ್ಕೆ ಎರಡು ಗಂಟೆಯ ತರಗತಿಗೆ ವರ್ಷಕ್ಕೆ ನೂರು ಗಂಟೆ ಸಾಕು. ನಾಲ್ಕು ಸಾವಿರ ಗಂಟೆ ಎಂದರೆ ನಲವತ್ತು ವರ್ಷ! ಕೇವಲ ಆ ಅಂಕಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ. ಆದರೆ ಬಲ್ಬಿನ ಯಂತ್ರ ಆರಿಸಿದ ಮೇಲೂ ಅದರ ಫ್ಯಾನು ತಿರುಗಿ ಬಲ್ಬು ತಣಿಯಬೇಕು. ಪದೇ ಪದೇ ವಿದ್ಯುತ್ ಹೋಗುವ ಕಡೆ ಇನ್ವರ್ಟರ್ ಇರಲಿ, ಇಲ್ಲವೇ ಎಲ್‌ಇಡಿ ಅಥವಾ ಲೇಸರ್ ಇರಲಿ.

ಮೊಬೈಲ್ ತೋರಿಸುವುದು ಹೇಗೆ?

ಹಿರಿಯರು ಹೆಚ್ಚಾಗಿ ಬಳಸುವುದು ಮೊಬೈಲನ್ನೇ. ಅದರ ಪರದೆಯನ್ನು ವೈರ್‌ಲೆಸ್ ಆಗಿ ಗೋಡೆಗೆ ಕಳಿಸಬಹುದು. ಆದರೆ ಅನೇಕ ಬ್ಯಾಂಕ್ ಮತ್ತು ಹಣ ಪಾವತಿ ಆಪ್‌ಗಳು ಭದ್ರತೆಯ ಕಾರಣ ಹೀಗೆ ತೋರಿಸಲು ಬಿಡುವುದಿಲ್ಲ, ಗೋಡೆ ಕಪ್ಪಾಗುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿ ಬೇಡ. ಆ ಪಾಠಕ್ಕೆ ಮೊದಲೇ ಬರೆದಿಟ್ಟ ಚಿತ್ರಗಳನ್ನು ತೋರಿಸುವುದು ಒಳ್ಳೆಯದು. ಯಾರದೇ ಪಿನ್, ಒಟಿಪಿ, ಖಾತೆ ಸಂಖ್ಯೆ ಗೋಡೆಯ ಮೇಲೆ ಮೂಡಬಾರದು. ಇದು ತರಗತಿಯ ಮೊದಲ ನಿಯಮವಾಗಲಿ.

ಓದಿಸಿ ನೋಡಿ ಕೊಳ್ಳಿ

2025ರ ಸೆಪ್ಟೆಂಬರ್ 22ರಂದು ಪ್ರೊಜೆಕ್ಟರ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಬಿಲ್ಲು ಸಂಘದ ಹೆಸರಿನಲ್ಲೇ ಇರಲಿ. ದುರಸ್ತಿ ಕೇಂದ್ರ ನಾಗಪುರದಲ್ಲಿಯೇ ಇದೆಯೇ ಎಂದು ವಿಚಾರಿಸಲಿ. ಚೀಲದಲ್ಲಿ ಹೆಚ್ಚುವರಿ ಎಚ್‌ಡಿಎಂಐ ಕೇಬಲ್, ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು ಇರಲಿ. ಪರದೆಗೆ ಹಣ ಸಾಲದಿದ್ದರೆ ಬಿಳಿ ಗೋಡೆ ಸಾಕು.

ಎಲ್ಲಕ್ಕಿಂತ ಮೊದಲು ಒಂದು ಭಾನುವಾರ ಬಾಡಿಗೆಗೆ ಯಂತ್ರ ತಂದು, ತರಗತಿ ನಡೆಯುವ ಜಾಗದಲ್ಲೇ, ತರಗತಿಯ ಹೊತ್ತಿನಲ್ಲೇ, ದೀಪ ಆರಿಸದೆ ಪರೀಕ್ಷಿಸಬೇಕು. ‘ಕಾಣಸ್ತದೇನ್ರಿ ಕಾಕಾ?’ ಎಂದು ಕೇಳಿದರೆ ಸಂಕೋಚಕ್ಕೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ಅದರ ಬದಲು ‘ಕಾಕಾ, ಮೂರನೇ ಸಾಲು ಸ್ವಲ್ಪ ಓದ್ರಿ’ ಎನ್ನಬೇಕು. ಕೊನೆಯ ಕುರ್ಚಿಯಲ್ಲಿ ಕುಳಿತ ಹಿರಿಯರು ‘ಸಾಮರ್ಥ್ಯ’, ‘ರಾಷ್ಟ್ರ’ ಎಂಬ ಪದಗಳನ್ನು ತಡವರಿಸದೆ ಓದಿದರೆ ಆ ಯಂತ್ರವನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಅವರು ಕನ್ನಡಕ ಒರೆಸಿಕೊಳ್ಳತೊಡಗಿದರೆ, ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಅದನ್ನು ಹಿಂದಿರುಗಿಸುವುದೇ ಸರಿ.