ಸರಾಸರಿಯ ಮರೆಯಲ್ಲಿ ಅಡಗುವ ಬಾಕಿ

ಗಣಕಯಂತ್ರದಲ್ಲಿ ಲೆಕ್ಕವಿಡುವುದು ಇಂದು ಸಣ್ಣ ಅಂಗಡಿ, ಕಾರ್ಖಾನೆಗಳಲ್ಲಿಯೂ ರೂಢಿಗೆ ಬಂದಿದೆ. ಆದರೆ ಹೀಗೆ ಸಂಗ್ರಹವಾದ ಅಂಕಿ-ಅಂಶಗಳನ್ನು ತೆರಿಗೆಯ ವಿವರ ಸಲ್ಲಿಸುವುದಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸುವವರು ವಿರಳ. ಉದ್ರಿ ವ್ಯವಹಾರದ ನಿಜಸ್ಥಿತಿಯನ್ನು ಅರಿಯಲು ಶಾಲೆಯಲ್ಲಿ ಕಲಿತ ಸಂಖ್ಯಾಶಾಸ್ತ್ರವೇ ಬಹುಮಟ್ಟಿಗೆ ಸಾಕಾಗುತ್ತದೆ.

ಒಬ್ಬ ಬಿಡಿಭಾಗ ತಯಾರಕರಿಗೆ ಹತ್ತು ಬಿಲ್ಲುಗಳ ಹಣ ಕೈಸೇರಲು 28, 30, 31, 32, 33, 35, 36, 38, 40 ಮತ್ತು 147 ದಿನಗಳು ಹಿಡಿದವು ಎಂದಿಟ್ಟುಕೊಳ್ಳಬಹುದು. ಒಟ್ಟು 450 ದಿನ; ಸರಾಸರಿ 45. ಇದನ್ನು ನಂಬಿದ ಮಾಲೀಕರು ಗ್ರಾಹಕರೆಲ್ಲರೂ ವಿಳಂಬಗಾರರೆಂದು ಭಾವಿಸಿ, ಎಲ್ಲರ ಉದ್ರಿ ಅವಧಿಯನ್ನೂ ಕಡಿತಗೊಳಿಸಲು ಹೊರಡಬಹುದು. ವಾಸ್ತವದಲ್ಲಿ ಒಂಬತ್ತು ಬಿಲ್ಲುಗಳು 40 ದಿನಗಳೊಳಗೆ ಪಾವತಿಯಾಗಿವೆ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ 33 ಮತ್ತು 35ರ ಸರಾಸರಿಯಾದ 34 ಇಲ್ಲಿನ ಮಧ್ಯಾಂಕ. ಸರಾಸರಿಗೂ ಮಧ್ಯಾಂಕಕ್ಕೂ ಇಷ್ಟು ಅಂತರವಿದ್ದರೆ ದೋಷ ಎಲ್ಲರದಲ್ಲ, ಒಬ್ಬಿಬ್ಬರದು ಎಂದು ತಿಳಿಯಬೇಕು. ಕಟ್ಟುನಿಟ್ಟಿನ ಕ್ರಮ ಆ 147 ದಿನಗಳ ಗ್ರಾಹಕರ ಮೇಲಾಗಬೇಕೇ ಹೊರತು ಒಳ್ಳೆಯ ಗಿರಾಕಿಗಳ ಮೇಲಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಇವೆರಡಕ್ಕೂ ಸಿದ್ಧ ಸೂತ್ರಗಳಿವೆ.

ಇದಕ್ಕಿಂತಲೂ ಅಪಾಯಕಾರಿಯಾದ ತಪ್ಪು ಮತ್ತೊಂದಿದೆ. ಹಣ ಬಂದ ಬಿಲ್ಲುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಇನ್ನೂ ಬಾರದ ಹಣ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಬಾಕಿ ಹೆಚ್ಚಿದಷ್ಟೂ ವಸೂಲಿಯ ಚಿತ್ರ ಸುಂದರವಾಗಿಯೇ ಕಾಣುವುದು ಸಾಧ್ಯ! ಆದ್ದರಿಂದ ಬಾಕಿ ಬಿಲ್ಲುಗಳನ್ನು ಬೇರೆಯಾಗಿ, ಇಂದಿನವರೆಗೆ ಕಳೆದ ದಿನಗಳೊಡನೆ ಪಟ್ಟಿ ಮಾಡುವುದು ಅವಶ್ಯ.

ಈ ದಿನಗಣನೆಗೆ ಕಾನೂನಿನ ಮಹತ್ವವೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಸಲ್ಲಬೇಕಾಗುತ್ತದೆ. ಸರಾಸರಿಯನ್ನು ತೋರಿಸಿ ಈ ಬಡ್ಡಿಯನ್ನು ಕೇಳಲಾಗದು; ಪ್ರತಿಯೊಂದು ಬಿಲ್ಲಿನ ದಿನಾಂಕವೂ ಸರಿಯಿರಬೇಕು.

ತೊಡಕು ಹುಟ್ಟುವುದೂ ದಿನಾಂಕದಲ್ಲಿಯೇ. ಗಣಕಯಂತ್ರವು ಅಮೆರಿಕದ ಕ್ರಮಕ್ಕೆ ಹೊಂದಿಕೊಂಡಿದ್ದರೆ ಮೇ 4 ಎಂಬರ್ಥದ 04/05 ಅದಕ್ಕೆ ಏಪ್ರಿಲ್ 5 ಆಗುತ್ತದೆ. 29 ದಿನಗಳ ವ್ಯತ್ಯಾಸ. ತಿಂಗಳ 13ನೆಯ ತಾರೀಖಿನಿಂದ ಮುಂದಿನವು ದಿನಾಂಕವಾಗದೆ ಬರಿಯ ಅಕ್ಷರಗಳಾಗಿ ಉಳಿದುಬಿಡುತ್ತವೆ. ಅಕ್ಷರರೂಪದಲ್ಲಿ ದಾಖಲಾದ ಮೊತ್ತವನ್ನು ಕೂಡುವ ಸೂತ್ರವು ಸದ್ದಿಲ್ಲದೆ ಕೈಬಿಡುತ್ತದೆ. ಖಾಲಿ ಬಿಟ್ಟ ಮನೆಯೂ ಸೊನ್ನೆಯೂ ಒಂದೇ ಅಲ್ಲ: ಸೊನ್ನೆಯನ್ನು ಸರಾಸರಿಯಲ್ಲಿ ಎಣಿಸಲಾಗುತ್ತದೆ, ಖಾಲಿಯನ್ನು ಎಣಿಸುವುದಿಲ್ಲ.

ಒಬ್ಬನೇ ಗ್ರಾಹಕನ ಹೆಸರನ್ನು ಮೂರು ಬಗೆಯಲ್ಲಿ ಬರೆದರೆ ಮೂವರು ಗ್ರಾಹಕರಾಗುತ್ತಾರೆ. ಹೆಸರಿಗಿಂತ 15 ಅಂಕಾಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಗುರುತಾಗಿ ಬಳಸುವುದು ಲೇಸು. ಅದರ ಮೊದಲೆರಡು ಅಂಕಿಗಳು ರಾಜ್ಯದವು, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್ ಸಂಖ್ಯೆ. ಎರಡು ರಾಜ್ಯಗಳಲ್ಲಿ ಶಾಖೆಯಿರುವ ಗ್ರಾಹಕರ ಒಟ್ಟು ಬಾಕಿಯನ್ನು ಈ ಹತ್ತರಿಂದಲೇ ಕಂಡುಕೊಳ್ಳಬಹುದು. ತಿದ್ದುಪಡಿಗಳನ್ನೆಲ್ಲ ಪ್ರತಿಯಲ್ಲಿ ಮಾಡಿ, ಮೂಲ ಕಡತವನ್ನು ಇದ್ದಂತೆಯೇ ಕಾಯ್ದಿಡತಕ್ಕದ್ದು.